ಬರ ಕಂಡವರು, ಕೋಡಿ ಕಂಡವರು

2022ರ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯೂರಿನ ಮಾರಿಕಣಿವೆಯ ವಾಣೀವಿಲಾಸ ಸಾಗರವು ಕೋಡಿ ಬಿದ್ದಾಗ, ಆ ನೀರನ್ನು ಕಣ್ಣಾರೆ ಕಾಣಲೆಂದು ಸುತ್ತಣ ಊರುಗಳ ಜನರೆಲ್ಲ ಅಲ್ಲಿಗೆ ಹರಿದು ಬಂದರು. ಅದಕ್ಕೆ ಹಿಂದೆ ಕೋಡಿ ಹರಿದುದು 1933ರಲ್ಲಿ. ನಡುವೆ ಸಂದದ್ದು 89 ವರ್ಷ. ಎರಡನ್ನೂ ನೆನಪಿಡುವ ವಯಸ್ಸಿನಲ್ಲಿ ಕಂಡವರು ನೂರರ ಅಂಚಿನ ಬೆರಳೆಣಿಕೆಯ ಮಂದಿಯಿದ್ದಾರು. ಉಳಿದ ವೃದ್ಧರಿಗೆ ಕೋಡಿಯೆಂಬುದು ತಂದೆಯ ಬಾಯಿಂದ ಕೇಳಿದ, ಆಯುಷ್ಯವೆಲ್ಲ ಕಾದರೂ ಕೈಗೂಡದಿದ್ದ ಭಾಗ್ಯವಾಗಿತ್ತು.

ಪಡುವಣ ಘಟ್ಟಗಳ ಮೇಲೆ ಸುರಿದು ಬರಿದಾದ ಮೋಡಗಳು ಚಿತ್ರದುರ್ಗದ ಈ ಸೀಮೆಗೆ ಉಳಿಸಿ ತರುವುದು ಅತ್ಯಲ್ಪ. ಹೊಳಲ್ಕೆರೆಯ ಕಡೆ ಮಳೆ ತಕ್ಕಮಟ್ಟಿಗೆ ಉಂಟು. ಮೂಡಲಿಗೆ, ಹಿರಿಯೂರಿನತ್ತ ಸಾಗಿದಂತೆ ಅದು ಕ್ಷೀಣಿಸುತ್ತದೆ. ಮೈಸೂರು ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ನುಂಗಿದ 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮವು ಜನಮನದಲ್ಲಿ ಇನ್ನೂ ಹಸಿಯಾಗಿರುವಾಗಲೇ, 1898ರಲ್ಲಿ, ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು.

ಇಂದು ಎಂಬತ್ತು ದಾಟಿದವರು ಕಪಿಲೆ ಹೊಡೆದು ಹೊಲಕ್ಕೆ ನೀರೆತ್ತಿದವರು. 1965–66ರ ಅನಾವೃಷ್ಟಿಯಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳಕ್ಕಾಗಿ ಸರದಿಯಲ್ಲಿ ನಿಂತವರು. ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆ ಬಾವಿಯ ಫ್ಲೋರೈಡ್ ನೀರನ್ನು ಕುಡಿದು ಕೀಲುನೋವಿಗೆ ಈಡಾದವರೂ ಇವರಲ್ಲುಂಟು. ಇವರನ್ನು ಸಹನಶೀಲರೆಂದು ಹೊಗಳುವುದು ವಾಡಿಕೆ. ಆದರೆ ಅದು ಅವರ ಯೋಗ್ಯತೆಗೆ ಬಹಳ ಕಡಮೆಯ ಮಾತೆಂದು ನನ್ನ ಭಾವನೆ. ಬರಿಯ ಸಹನೆಯಿಂದ ಯಾರೂ ಬರವನ್ನು ದಾಟಲಾರರು. ಅದಕ್ಕೊಂದು ವಿದ್ಯೆ ಬೇಕು.

ಹಗೇವನ್ನೇ ನೋಡಿ. ನೀರು ಜಿನುಗದ ಗಟ್ಟಿ ನೆಲವನ್ನು ಆರಿಸಿ, ಆಳವಾಗಿ ಗುಂಡಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಬಾಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿಟ್ಟರೆ, ಗಾಳಿಯಾಡದ ಆ ಕತ್ತಲೆಯಲ್ಲಿ ಹುಳುವೂ ಬದುಕಲಾರದೆ ಕಾಳು ವರ್ಷಗಟ್ಟಲೆ ಕೆಡದೆ ನಿಲ್ಲುವುದು. ಹುಳುವನ್ನು ಕೊಲ್ಲುವ ಆ ಕೆಟ್ಟ ಗಾಳಿ ಮನುಷ್ಯನನ್ನೂ ಬಿಡದು. ಆದಕಾರಣ ಹಗೇವು ತೆಗೆದೊಡನೆ ಯಾರೂ ಇಳಿಯುತ್ತಿರಲಿಲ್ಲ; ಬಾಯನ್ನು ತೆರೆದಿಟ್ಟು, ಬಹಳ ಹೊತ್ತು ಕಾದು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಬಿಟ್ಟು, ಅದು ನಂದದೆ ಉರಿದರೆ ಮಾತ್ರ ಒಬ್ಬನು ಇಳಿಯುವನು. ಮನೆಯಲ್ಲಿ ಮಕ್ಕಳು ಹಸಿದಿರುವಾಗಲೂ ಕಾಳಿನ ಮೇಲೆ ನಿಂತು ದೀಪವನ್ನು ನೋಡುತ್ತ ಕಾಯಬಲ್ಲ ಆ ಸಂಯಮ ನನಗೆ ಯಾವ ತಪಸ್ಸಿಗೂ ಕಡಮೆಯೆಂದು ತೋರುವುದಿಲ್ಲ. ಹೊರತೆಗೆದ ರಾಗಿಯನ್ನು ಎಷ್ಟು ಮುದ್ದೆಗೆ, ಎಷ್ಟು ಅಂಬಲಿಗೆ, ಎಷ್ಟು ಬಿತ್ತನೆಗೆ ಎಂದು ಅಳೆಯುವ ಭಾರ ಮನೆಯ ಹೆಂಗಸಿನದು. ಬಿತ್ತನೆಯ ಪಾಲನ್ನು ಆಕೆ ಮುಟ್ಟಗೊಡಳು.

ಮಣಿದು ಬಾಳಿದವರೆಂದೂ ಈ ಸೀಮೆಯ ಹಿರಿಯರನ್ನು ಎಣಿಸಲಾಗದು. 1939ರಲ್ಲಿ ತುರುವನೂರಿನ ಈಚಲು ಮರಗಳಿಗೆ ಕೊಡಲಿಯಿಟ್ಟು ಸತ್ಯಾಗ್ರಹಿಗಳು ಸೆರೆಗೆ ಹೋದುದು ಇಲ್ಲಿಂದಲೇ. ಅವರ ಮುಂದಾಳು ಎಸ್. ನಿಜಲಿಂಗಪ್ಪನವರು ಅದಕ್ಕಾಗಿ ವಕೀಲಿಯ ಸನ್ನದನ್ನೇ ಕಳೆದುಕೊಂಡರು. ಮುಂದೆ ಮುಖ್ಯಮಂತ್ರಿಗಳಾಗಿದ್ದ ಅವರು ಚಿತ್ರದುರ್ಗದಲ್ಲಿ ತೀರಿಕೊಂಡುದು 2000ದಲ್ಲಿ, 97ರ ವಯಸ್ಸಿನಲ್ಲಿ. ಎರಡನೆಯ ಕೋಡಿಗೆ ಆಗಲೂ 22 ವರ್ಷ ಉಳಿದಿತ್ತು.

ಹಿರಿಯೂರಿನ ಕಡೆಯವರು ಕೋಡಿಗೆ ಕೈಮುಗಿದ ಆ ದಿನಗಳಲ್ಲೇ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ಹೊಲ ತೋಟಗಳು ಜಲಾವೃತವಾದವು. ಬರದ ವರ್ಷಗಳಲ್ಲಿ ಕೊಡ ಹೊತ್ತು ಬದುಕಿಸಿದ ಗಿಡಮರಗಳ ಬುಡವನ್ನು, ತಾವು ಜನ್ಮವಿಡೀ ಬೇಡಿದ ನೀರೇ ಮುಚ್ಚಿ ನಿಂತುದನ್ನು ಅಲ್ಲಿಯ ಮುದುಕರು ದಡದ ಮೇಲಿಂದ ನೋಡಬೇಕಾಯಿತು.