ಕಲ್ಲಿನ ದನಿ ಬಲ್ಲವರು

ಮೈಸೂರು ತಾಲ್ಲೂಕು ಜಯಪುರ ಹೋಬಳಿಯ ಗುಜ್ಜೇಗೌಡನಪುರದ ಬಳಿ ಒಬ್ಬ ರೈತರ ಹೊಲ. ಉಳುಮೆಗೆ ಅಡ್ಡಿಯಾಗಿದ್ದ ಬಂಡೆಗಳನ್ನು ತೆಗೆಸಿ ನೆಲ ಸಮ ಮಾಡಿಸುವಾಗ ಕಪ್ಪು ಕಲ್ಲೊಂದು ಸಿಕ್ಕಿತು. ತೆಗೆದವರು ಕಲ್ಲು ಗುತ್ತಿಗೆಯ ಸಣ್ಣ ವ್ಯಾಪಾರಿ. ಅನುಮತಿ ಇಲ್ಲದೆ ಕಲ್ಲು ತೆಗೆದಿರೆಂದು ಗಣಿ ಮತ್ತು ಭೂವಿಜ್ಞಾನ ಇಲಾಖೆ ಅವರಿಗೆ 80 ಸಾವಿರ ರೂಪಾಯಿ ದಂಡ ಹಾಕಿದ್ದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಅಷ್ಟರಲ್ಲಿ ಆ ಕಲ್ಲು 51 ಅಂಗುಲದ ಬಾಲರಾಮನಾಗಿ ಅಯೋಧ್ಯೆ ಸೇರಿತ್ತು. ದೇವರಾಗುವ ಮುಂಚೆ ಅದೂ ಒಂದು ಉಪಖನಿಜವೇ ತಾನೆ!

ಜಯಪುರಕ್ಕೆ ಹತ್ತಿರದ ಎಚ್.ಡಿ. ಕೋಟೆ, ಸರಗೂರು ಸೀಮೆಯ ಇಂಥ ಕಪ್ಪು ಕಲ್ಲಿಗೆ, ಅಂದರೆ ಕೃಷ್ಣಶಿಲೆಗೆ, ಶಿಲ್ಪಿಗಳಲ್ಲಿ ಮೊದಲಿನಿಂದಲೂ ಹೆಸರಿದೆ. ಉಳಿಗೆ ಒಗ್ಗುತ್ತದೆ, ನುಣುಪು ಬರುತ್ತದೆ, ಹಾಲು ಮೊಸರಿನ ಅಭಿಷೇಕಕ್ಕೆ ಜಗ್ಗುವುದಿಲ್ಲ. ಸೀಮೆಯ ನೆಲವೂ ಸಾಮಾನ್ಯದ್ದಲ್ಲ. ಭೂವಿಜ್ಞಾನಿಗಳು ‘ಸರಗೂರು ಗುಂಪು’ ಎನ್ನುವ ಶಿಲೆಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ನಮ್ಮ ಒಂದು ಪುಟ್ಟ ಊರಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ ಎಂಬುದು ಸರಗೂರಿನ ಸಂತೆಯಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಬಾಲರಾಮನನ್ನು ಕಡೆದ ಅರುಣ್ ಯೋಗಿರಾಜ್ ಅವರದು ಐದು ತಲೆಮಾರಿನ ಶಿಲ್ಪಿ ಮನೆತನ. ಅಜ್ಜ ಬಿ. ಬಸವಣ್ಣ ಶಿಲ್ಪಿಗಳು ಅರಮನೆಯ ಆಶ್ರಯದಲ್ಲಿ ಸಿದ್ಧಾಂತಿ ಸಿದ್ಧಲಿಂಗಸ್ವಾಮಿಗಳ ಬಳಿ ಕಲಿತವರು, ತಂದೆ ಯೋಗಿರಾಜ್ ಶಿಲ್ಪಿ. ಅರುಣ್ ಎಂಬಿಎ ಮಾಡಿ, ಕೆಲಸಕ್ಕೂ ಸೇರಿ, 2008ರಲ್ಲಿ ಉಳಿ ಸುತ್ತಿಗೆಗೆ ಮರಳಿದರು. ಅಯೋಧ್ಯೆಗೆ ಅವರು ಮೊದಲು ಕಡೆಯುತ್ತಿದ್ದ ಮೂರ್ತಿಯ ಕಲ್ಲು ಪರೀಕ್ಷೆಯಲ್ಲಿ ಸೋತು, ಬಹುಪಾಲು ಆಗಿದ್ದ ಕೆಲಸ ಬಿಟ್ಟು ಬೇರೆ ಕಲ್ಲು ಹಿಡಿಯಬೇಕಾಯಿತು. ಕಣ್ಣು ತೆರೆಸಲು ಬೆಳ್ಳಿ ಸುತ್ತಿಗೆ, ಚಿನ್ನದ ಉಳಿ.

ಈಗ ಕಲ್ಲಿನ ಪರೀಕ್ಷೆ ಪ್ರಯೋಗಾಲಯದಲ್ಲಿ. ಹಿಂದೆ ಅದು ಕಿವಿಯ ಕೆಲಸ. ಶಿಲ್ಪಶಾಸ್ತ್ರದ ಪ್ರಕಾರ ತಟ್ಟಿದಾಗ ಗಂಟೆಯಂತೆ ಮೊಳಗಿದರೆ ಗಂಡು ಶಿಲೆ, ತಾಳದಂತೆ ನುಡಿದರೆ ಹೆಣ್ಣು ಶಿಲೆ, ಮಂಕಾದರೆ ನಪುಂಸಕ. ಗಂಡು ದೇವರಿಗೆ ಮೊದಲನೆಯದು, ದೇವಿಗೆ ಎರಡನೆಯದು, ಮೂರನೆಯದು ಅಡಿಪಾಯಕ್ಕೆ. ಒಳಗೆ ಸೀಳಿದ್ದರೂ ದನಿಯೇ ಹೇಳಿಬಿಡುತ್ತದೆ.

ನನ್ನ ಆಸಕ್ತಿ ಇರುವುದು ಇದೇ ವಿದ್ಯೆಯನ್ನು ಯಾವ ಶಾಸ್ತ್ರವನ್ನೂ ಓದದೆ ಬಲ್ಲವರಾಗಿದ್ದ ಕಲ್ಲುಕುಟಿಗರಲ್ಲಿ. ಹಳೆಯ ಮೈಸೂರು ಸೀಮೆಯ ಹಾಸುಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದುದು ಸಿಡಿಮದ್ದಿನಿಂದಲ್ಲ, ಸೌದೆಯಿಂದ. ಬಂಡೆಯ ಮೇಲೆ ಕಿರಿದಾಗಿ ಉದ್ದಕ್ಕೆ ಬೆಂಕಿಯ ಸಾಲು. ಕಾವಿಗೆ ಮೇಲಿನ ಪದರ ಹಿಗ್ಗಿ ಅಡಿಯ ಕಲ್ಲಿನಿಂದ ಬಿಡುತ್ತದೆ. ಬೆಂಕಿಯ ಮುಂದೆ ಕೂತವನು ಸುತ್ತಿಗೆಯಿಂದ ತಟ್ಟುತ್ತಲೇ ಇರಬೇಕು. ಗಟ್ಟಿ ದನಿ ಬಂದರೆ ಕಲ್ಲು ಇನ್ನೂ ಬಿಟ್ಟಿಲ್ಲ, ಕಾಯಬೇಕು. ಪೊಳ್ಳು ದನಿ ಬಂತೋ, ಉರಿಯುವ ಕೊಳ್ಳಿಗಳನ್ನು ಒಂದಿಷ್ಟು ಮುಂದಕ್ಕೆ ತಳ್ಳಬೇಕು. ಅವಸರಪಟ್ಟು ತಳ್ಳಿದರೆ ಚಪ್ಪಡಿ ನಡುವೆಯೇ ಒಡೆಯುತ್ತದೆ, ತಡಮಾಡಿದರೆ ಮೇಲ್ಮೈ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬೆಂಗಳೂರಿನ ಕಡೆ ಇದನ್ನು ಕಂಡು ಬೆರಗಾದ ವಾರ್ತ್ ಎಂಬವರು 1895ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಲಂಡನ್ನಿನ ಪತ್ರಿಕೆಗೆ ಹೋದ ಈ ಸುದ್ದಿ ನಮ್ಮ ಪಠ್ಯಪುಸ್ತಕಕ್ಕೆ ಇನ್ನೂ ಬಂದಂತಿಲ್ಲ.

ಹೀಗೆ ಎದ್ದ ಚಪ್ಪಡಿಗಳೇ ಮನೆಯ ಜಗಲಿ, ಬಚ್ಚಲು, ಹೊಲದ ಬೇಲಿಯ ಕಂಬ. ಮಿಕ್ಕ ಚೂರುಗಳನ್ನು ರಸ್ತೆ ಬದಿಯಲ್ಲಿ ಕೂತು ಕಲ್ಲು ಕಸುಬಿನ ಭೋವಿ ಹೆಂಗಸರು ಜಲ್ಲಿ ಮಾಡುತ್ತಿದ್ದರು.

ಆಮೇಲೆ ಕ್ರಷರ್ ಬಂತು. ಕಂಪ್ರೆಸರಿನಿಂದ ಕುಳಿ, ಕುಳಿಗೆ ಮದ್ದು, ಬಿದ್ದ ಬಂಡೆ ಜಾ ಕ್ರಷರಿನ ಬಾಯಿಗೆ, ಅಲ್ಲಿಂದ ಜರಡಿಗೆ: 40 ಎಂಎಂ, 20 ಎಂಎಂ, ಬೇಬಿ ಜಲ್ಲಿ, ಎಂ ಸ್ಯಾಂಡ್. ನದಿಯ ಮರಳು ತೆಗೆಯಲು ಬಿಗಿಯಾದ ಮೇಲೆ ಪುಡಿಗೂ ಬೆಲೆ. ಅಪ್ಪನ ಕ್ವಾರಿ, ಮಗನ ಕ್ರಷರ್, ಮೊಮ್ಮಗನ ಟಿಪ್ಪರ್ ಎಂದು ಮನೆತನದ ಕಸುಬಾಗಿ ಇದೂ ಬೆಳೆಯಿತು. 2011ರಲ್ಲಿ ಕ್ರಷರುಗಳಿಗೆಂದೇ ರಾಜ್ಯದ ಕಾಯ್ದೆ ಬಂತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ರಷರ್ ಬಳಿ ಸಿಡಿಮದ್ದು ಹೊತ್ತ ಲಾರಿ ಸಿಡಿಯಿತು. 2024ರ ಜನವರಿಯಲ್ಲಿ, ಅಯೋಧ್ಯೆಯ ಪ್ರತಿಷ್ಠೆ ನಡೆದ ತಿಂಗಳಲ್ಲೇ, ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆಗೆ ಹೈಕೋರ್ಟ್ ತಡೆ ಹಾಕಿತು. ದಸರಾ ಆನೆಗಳ ಗಜಪಯಣ ಹೊರಡುವ ಹುಣಸೂರಿನ ವೀರನಹೊಸಹಳ್ಳಿಯಂಥ ಕಾಡಂಚಿನಲ್ಲಂತೂ ರಾಷ್ಟ್ರೀಯ ಉದ್ಯಾನದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಆನೆಗೂ ಅಣೆಕಟ್ಟೆಗೂ ಇದು ಒಳ್ಳೆಯದೇ. ಕ್ರಷರಿಲ್ಲದೆ ನಮ್ಮ ಮನೆಯ ತಾರಸಿ ಏಳುವುದಿಲ್ಲ ಎಂಬುದೂ ನಿಜ.

ಆದರೆ ಕ್ರಷರಿನ ಬಾಯಿಗೆ ಹಾಕುವ ಕಲ್ಲನ್ನು ತಟ್ಟಿ ನೋಡಬೇಕಾದ ಅಗತ್ಯ ಯಾರಿಗೂ ಇಲ್ಲ. ಗಂಡು, ಹೆಣ್ಣು, ಪೊಳ್ಳು ಎಲ್ಲಕ್ಕೂ ಅಲ್ಲಿ ಟನ್ನಿನ ಲೆಕ್ಕ. ಆ ಸದ್ದಿನಲ್ಲಿ ದುಡಿದವರ ಕಿವಿಯೇ ಮೊದಲು ಮಂಕಾಗುತ್ತದೆ. ಬಸವಣ್ಣ ಶಿಲ್ಪಿಗಳ ವಂಶಾವಳಿ ಈಗ ದೇಶಕ್ಕೆಲ್ಲ ಬಾಯಿಪಾಠ. ಅಂಥವರ ಮನೆಗಳಿಗೆ ಕಲ್ಲು ಆರಿಸಿಕೊಟ್ಟವರ ತಲೆಮಾರುಗಳನ್ನು ಯಾರೂ ಬರೆದಿಡಲಿಲ್ಲ. ಜಯಪುರ, ಎಚ್.ಡಿ. ಕೋಟೆ, ಸರಗೂರಿನ ಭೋವಿ ಕೇರಿಗಳಲ್ಲಿ ಸೌದೆ ಬೆಂಕಿಯಿಂದ ಚಪ್ಪಡಿ ಎಬ್ಬಿಸಿದ್ದನ್ನು ನೆನಪಿನಿಂದ ಹೇಳಬಲ್ಲ ಅಜ್ಜಂದಿರು ಇನ್ನೂ ಒಬ್ಬಿಬ್ಬರಾದರೂ ಇದ್ದಾರು. ಮೈಸೂರು ವಿಶ್ವವಿದ್ಯಾನಿಲಯದ ಯಾರಾದರೂ ಒಂದು ರೆಕಾರ್ಡರ್ ಹಿಡಿದು ಈ ಬೇಸಿಗೆಯೊಳಗೆ ಆ ಕೇರಿಗಳಿಗೆ ಹೋಗಿಬಂದರೆ ಆದೀತು.