ಹೈಡ್ರೇಂಜಿಯ ಗಿಡದ ಆರೈಕೆ ಮತ್ತು ಸವರುವಿಕೆ: ಹೊಸದಾಗಿ ಬೆಳೆಸುವವರಿಗೆ ಮಾಹಿತಿ

ಕೊಡಗು, ಚಿಕ್ಕಮಗಳೂರು ಹಾಗೂ ಬೆಂಗಳೂರಿನ ಮನೆಯಂಗಳಗಳಲ್ಲಿ ಹೈಡ್ರೇಂಜಿಯ ಗಿಡವನ್ನು ಅಲಂಕಾರಕ್ಕಾಗಿ ಬೆಳೆಸಲಾಗುತ್ತಿದೆ. ಜಪಾನ್ ಮೂಲದ ಈ ಪೊದೆಗಿಡವನ್ನು ಹೊಸದಾಗಿ ಬೆಳೆಸುವವರಿಂದ ಸಾಮಾನ್ಯವಾಗಿ ಕೇಳಿಬರುವ ದೂರೆಂದರೆ, ಗಿಡವು ಸೊಂಪಾಗಿ ಬೆಳೆದಿದ್ದರೂ ಹೂ ಬಿಡುತ್ತಿಲ್ಲ ಎಂಬುದು. ಅನೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಗೊಬ್ಬರದ ಕೊರತೆಯಲ್ಲ, ಅಕಾಲದಲ್ಲಿ ಸವರಿರುವುದು.

ಗುಲಾಬಿಯು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಮಳೆಗಾಲದ ನಂತರ ಅದನ್ನು ಗಿಡ್ಡವಾಗಿ ಕತ್ತರಿಸುವುದು ರೂಢಿ. ಅದೇ ದಿನ ಅದೇ ಕತ್ತರಿಯಿಂದ ಹೈಡ್ರೇಂಜಿಯವನ್ನೂ ಸವರುವವರು ಮುಂದಿನ ವರ್ಷದ ಹೂವನ್ನೇ ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿರುವ ಅಗಲ ಎಲೆಯ ಜಾತಿಯಲ್ಲಿ (ಹೈಡ್ರೇಂಜಿಯ ಮ್ಯಾಕ್ರೋಫಿಲ್ಲ) ಮುಂದಿನ ಹಂಗಾಮಿನ ಹೂಮೊಗ್ಗುಗಳು ಹಿಂದಿನ ಹಂಗಾಮಿನ ರೆಂಬೆಗಳ ತುದಿಯಲ್ಲಿ ತಂಪಿನ ತಿಂಗಳುಗಳಲ್ಲಿಯೇ ರೂಪುಗೊಳ್ಳುತ್ತವೆ. ಇದಕ್ಕೆ ಕೆಲವು ವಾರಗಳ ಕಾಲ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶವಿರಬೇಕು. ಆದುದರಿಂದ ಬಯಲುಸೀಮೆಯ ಸೆಕೆಯಲ್ಲಿ ಈ ಗಿಡವು ಎಲೆಗಷ್ಟೇ ಸೀಮಿತವಾಗುವುದುಂಟು. ಅಂತಹ ಕಡೆ ಸವರುವಿಕೆಯನ್ನು ದೂರುವುದು ಸರಿಯಲ್ಲ.

ಹೂ ಬಾಡಿದ ಕೂಡಲೇ, ತಡವೆಂದರೆ ಸೆಪ್ಟೆಂಬರ್ ತಿಂಗಳೊಳಗೆ, ಹೂಗೊಂಚಲಿನ ಕೆಳಗಿರುವ ಮೊದಲ ದಪ್ಪ ಮೊಗ್ಗಿನ ಜೋಡಿಯ ಮೇಲ್ಭಾಗದಲ್ಲಿ ಕತ್ತರಿಸತಕ್ಕದ್ದು. ಹೂ ಬಿಡದ ಆರೋಗ್ಯವಂತ ರೆಂಬೆಗಳನ್ನು ಮುಟ್ಟಬಾರದು. ಮುಂದಿನ ವರ್ಷದ ಹೂ ಅವುಗಳಲ್ಲಿಯೇ ಇರುತ್ತದೆ. ಒಣಗಿದ ಮತ್ತು ತೀರಾ ಸಣಕಲಾದ ಕಡ್ಡಿಗಳನ್ನು ಯಾವಾಗ ಬೇಕಾದರೂ ತೆಗೆಯಬಹುದು. ಗಿಡ ಹಳೆಯದಾಗಿ ಹೂ ಚಿಕ್ಕದಾಗುತ್ತಿದ್ದಲ್ಲಿ, ವರ್ಷಕ್ಕೆ ಒಂದೆರಡು ಹಳೆಯ ಕಾಂಡಗಳನ್ನು ಬುಡದಿಂದ ತೆಗೆಯುವುದು ಸೂಕ್ತ. ಒಣಗಿದ ಹೂವನ್ನು ಚಳಿಗಾಲ ಕಳೆಯುವವರೆಗೆ ಗಿಡದಲ್ಲಿಯೇ ಬಿಡಬೇಕೆಂದು ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕಗಳಲ್ಲಿ ಹೇಳುವುದು ಅಲ್ಲಿನ ಹಿಮದಿಂದ ಮೊಗ್ಗನ್ನು ಕಾಪಾಡಲು. ಕೊಡಗಿನಲ್ಲಿ ಅದರ ಅಗತ್ಯವಿಲ್ಲ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಮತ್ತು ನೀರು ನಿಲ್ಲದ ತೇವವುಳ್ಳ ಮಣ್ಣು ಈ ಗಿಡಕ್ಕೆ ಹಿತಕರ. ಮಧ್ಯಾಹ್ನ ಎಲೆ ಜೋತುಬಿದ್ದ ಮಾತ್ರಕ್ಕೆ ನೀರು ಸುರಿಯದೆ, ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡುವುದು ಒಳಿತು. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿದಲ್ಲಿ ತೇವ ಉಳಿಯುತ್ತದೆ.

ಕೊಂಡು ತಂದಾಗ ನೀಲಿಯಾಗಿದ್ದ ಹೂವು ಮರುವರ್ಷ ಗುಲಾಬಿ ಬಣ್ಣಕ್ಕೆ ತಿರುಗಿದರೆ ನರ್ಸರಿಯವರು ಮೋಸ ಮಾಡಿದರೆಂದು ಭಾವಿಸಬೇಕಾಗಿಲ್ಲ. ಮಣ್ಣಿನ ರಸಸಾರ 5.5ಕ್ಕಿಂತ ಕಡಿಮೆಯಿದ್ದಾಗ ಬೇರುಗಳು ಅಲ್ಯೂಮಿನಿಯಂ ಅಂಶವನ್ನು ಹೀರುವುದರಿಂದ ಹೂವು ನೀಲಿಯಾಗುತ್ತದೆ. ಗಡಸು ಕೊಳವೆಬಾವಿ ನೀರು ಹಾಯಿಸಿದ ಮಣ್ಣಿನಲ್ಲಿ ಕ್ರಮೇಣ ರಸಸಾರ ಏರಿ ಹೂವು ಗುಲಾಬಿಯಾಗುತ್ತದೆ. ಮಳೆನೀರು ಬಳಸುವುದು ಸುಲಭ ಪರಿಹಾರ. ಬಿಳಿ ತಳಿಗಳಲ್ಲಿ ಈ ಬದಲಾವಣೆಯಾಗುವುದಿಲ್ಲ. ಸುಣ್ಣ ಅಥವಾ ಅಲ್ಯೂಮಿನಿಯಂ ಸಲ್ಫೇಟ್ ಬಳಸುವ ಮುನ್ನ ಮಣ್ಣು ಪರೀಕ್ಷೆ ಮಾಡಿಸತಕ್ಕದ್ದು. ಇದಕ್ಕಾಗಿ ನಾಲ್ಕೈದು ಕಡೆಗಳಿಂದ 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಸುಮಾರು ಅರ್ಧ ಕಿಲೋದಷ್ಟನ್ನು ಶುಭ್ರವಾದ ಬಟ್ಟೆಯ ಚೀಲದಲ್ಲಿ ಹೆಸರು, ವಿಳಾಸದ ಚೀಟಿಯೊಂದಿಗೆ ಪ್ರಯೋಗಾಲಯಕ್ಕೆ ನೀಡಬೇಕು.

ಗಿಡದ ಎಲೆ ಹಾಗೂ ಮೊಗ್ಗುಗಳಲ್ಲಿ ವಿಷಾಂಶವಿರುವುದರಿಂದ ಸವರಿದ ಕಡ್ಡಿಗಳನ್ನು ದನಕರುಗಳಿಗೆ ಹಾಕಬಾರದು. ಅವುಗಳಲ್ಲಿ ಹೂ ಬಿಡದ 10ರಿಂದ 15 ಸೆಂ.ಮೀ. ಉದ್ದದ ತುದಿಗಳಿದ್ದಲ್ಲಿ, ಕೆಳಗಿನ ಎಲೆ ತೆಗೆದು ತೇವದ ಮರಳಿನಲ್ಲಿ ನೆರಳಿಗೆ ನೆಟ್ಟರೆ ಕೆಲವೇ ವಾರಗಳಲ್ಲಿ ಬೇರು ಬಿಟ್ಟು ಹೊಸ ಗಿಡಗಳಾಗುತ್ತವೆ.