ಟವರ್ ಸಿಕ್ಕಿತು, ಬೀಮ್ ಸಿಗಬೇಕು

ಫೋನು ಮತ್ತು ಟವರ್ ಮೊದಲ ಸಲ ಒಂದನ್ನೊಂದು ಗುರುತಿಸುವ ಕ್ಷಣವೇ 5ಜಿಯ ಅಡಿಪಾಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಆ ಕ್ಷಣದ ಮೇಲೆ ಕಬ್ಬು, ಘಾಟ್, ಜಾತ್ರೆ, ಗಡಿ ಎಲ್ಲದರ ಪ್ರಭಾವವೂ ಇದೆ.

ಕೊಲ್ಹಾಪುರದ ಕಡೆಯಿಂದ ಬರುವ ಬಸ್ಸು ಕೊಗನೊಳಿ ದಾಟಿ ನಿಪ್ಪಾಣಿ ಮುಟ್ಟುವಷ್ಟರಲ್ಲಿ ಪ್ರಯಾಣಿಕರು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯುವುದುಂಟು. ಮಿರಜಿನ ಆಸ್ಪತ್ರೆಗೆ ಹೋಗಿ ಕಾಗವಾಡಕ್ಕೆ ಮರಳುವವರಿಗೂ ಈ ಉಪಾಯ ಗೊತ್ತು. ಇದರ ಹಿಂದೆ ಗಟ್ಟಿ ಕಾರಣವಿದೆ. ದೇಶದ ದೂರಸಂಪರ್ಕ ಸೇವೆ 22 ವೃತ್ತಗಳಲ್ಲಿ ಹಂಚಿಹೋಗಿದೆ. ತರಂಗಾಂತರದ ಹರಾಜೂ ವೃತ್ತವಾರು ನಡೆಯುತ್ತದೆ. ಗಡಿಯಾಚೆಯ ಮಹಾರಾಷ್ಟ್ರ ವೃತ್ತದ ಟವರ್ ಹಿಡಿದು ರೋಮಿಂಗ್‌ನಲ್ಲಿರುವ ಫೋನು ತನ್ನ ಜಾಲವನ್ನು ಆಗಾಗ ಮಾತ್ರ ಹುಡುಕುತ್ತದೆ. ಸಿಮ್‌ನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಆ ಅಂತರ 60 ನಿಮಿಷ. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಹುಡುಕಾಟ ಕೂಡಲೇ ಹೊಸದಾಗಿ ಶುರುವಾಗುತ್ತದೆ.

ಹೀಗೆ ಟವರ್ ಹುಡುಕಿ ಅದರೊಡನೆ ಸಂಪರ್ಕ ಬೆಳೆಸುವ ಕ್ರಮಕ್ಕೆ ಎಂಜಿನಿಯರುಗಳು 'ಇನಿಷಿಯಲ್ ಆ್ಯಕ್ಸೆಸ್' ಎನ್ನುತ್ತಾರೆ. ಜಾಲಕ್ಕೆ ಮೊದಲ ಪ್ರವೇಶ ಎಂದರ್ಥ. 5ಜಿಯಲ್ಲಿ ಅದರ ತಿರುಳು ಬೀಮ್ ಆಯ್ಕೆ, ಅಂದರೆ ಟವರ್ ಒಂದೊಂದು ದಿಕ್ಕಿಗೆ ಬಿಡುವ ಸಂಕೇತದ ಕಿರಣಗಳಲ್ಲಿ ಒಂದನ್ನು ಆರಿಸುವುದು. ಬೆಂಗಳೂರಿನ ಬಡಾವಣೆಗೆ ಹೊಂದಿದ ಲೆಕ್ಕವನ್ನೇ ರಾಯಬಾಗದ ತೋಟಪಟ್ಟಿಗೂ ಹಚ್ಚಿದರೆ ಕೆಲಸ ಕೆಡುತ್ತದೆ. ಬೀಮ್ ಆಯ್ಕೆ ನೆಲ ನೋಡಿ ಆಗಬೇಕು.

ಎಂಟು ದಿಕ್ಕು, ಐದು ಮಿಲಿಸೆಕೆಂಡು

4ಜಿ ಟವರ್ ತನ್ನ ಗುರುತಿನ ಸಂಕೇತವನ್ನು ಇಡೀ ಪ್ರದೇಶಕ್ಕೆ ಒಮ್ಮೆಲೇ ಚೆಲ್ಲುತ್ತದೆ. 5ಜಿ ಟವರ್ ಹಾಗಲ್ಲ. ರಾತ್ರಿ ಪಾಳಿಯಲ್ಲಿ ಕಬ್ಬಿಗೆ ನೀರು ಹಾಯಿಸುವ ರೈತ ಬ್ಯಾಟರಿಯ ಬೆಳಕನ್ನು ಒಂದೊಂದೇ ಸಾಲಿನ ಮೇಲೆ ಆಡಿಸುವಂತೆ, ಅದು ಒಂದೊಂದೇ ದಿಕ್ಕಿಗೆ ಸಂಕೇತ ಬಿಡುತ್ತಾ ಹೋಗುತ್ತದೆ. ಬೆಳಕು ಕಿರಿದಾದಷ್ಟೂ ದೂರ ಮುಟ್ಟುತ್ತದೆ, ಆದರೆ ಆಡಿಸಬೇಕಾದ ಸಾಲುಗಳೂ ಹೆಚ್ಚುತ್ತವೆ.

ಭಾರತದಲ್ಲಿ 5ಜಿಗೆ ಹೆಚ್ಚು ಬಳಕೆಯಲ್ಲಿರುವ 3.3 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಇಂಥ ಬೀಮ್‌ಗಳು ಹೆಚ್ಚೆಂದರೆ 8. ಅಷ್ಟೂ 5 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. 20 ಮಿಲಿಸೆಕೆಂಡಿಗೊಮ್ಮೆ ಸುತ್ತು ಮರಳಿ ಬರುತ್ತದೆಂಬ ಎಣಿಕೆಯಲ್ಲಿ ಹೊಸ ಫೋನು ಕಾಯುತ್ತದೆ. 1008 ಗುರುತುಗಳಲ್ಲಿ ಈ ಟವರಿನದು ಯಾವುದೆಂದು ಪತ್ತೆ ಮಾಡುತ್ತದೆ, ಬೀಮ್‌ಗಳ ಬಲ ಅಳೆಯುತ್ತದೆ, ಸಾಕಷ್ಟು ಬಲವಿರುವ ಒಂದನ್ನು ಆರಿಸುತ್ತದೆ.

ಇನ್ನು ಉತ್ತರ ಕೊಡುವ ಸರದಿ ಫೋನಿನದು. ತಾನು ಆರಿಸಿದ ಬೀಮ್ ಯಾವುದೆಂದು ಅದು ಬಿಡಿಸಿ ಹೇಳುವುದಿಲ್ಲ. ಪ್ರತಿ ಬೀಮ್‌ಗೂ ಉತ್ತರಿಸುವ ಹೊತ್ತು, ಉತ್ತರಿಸುವ ಸಂಕೇತ ಮೊದಲೇ ಗೊತ್ತಾಗಿರುತ್ತವೆ. ಫೋನು ಯಾವಾಗ, ಯಾವ ಸಂಕೇತದಿಂದ ಕೂಗಿತು ಎಂಬುದರಿಂದಲೇ ಟವರಿಗೆ ದಿಕ್ಕು ತಿಳಿಯುತ್ತದೆ. ಆ ಕೂಗೂ ಸೇರಿ ಒಟ್ಟು ನಾಲ್ಕು ಸಂದೇಶಗಳಲ್ಲಿ ಪ್ರವೇಶ ಮುಗಿಯುತ್ತದೆ. ಇದಕ್ಕಿಂತ ಕಿರಿದಾದ, ಚುರುಕಾದ ಬೀಮ್ ದೊರೆಯುವುದು ಆಮೇಲೆ.

ಕಬ್ಬಿನೊಳಗಿನ 80 ಮೀಟರ್

ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಎಲ್ಲರೂ ಊರೊಳಗೇ ಇರುವುದಿಲ್ಲ. ಅಥಣಿ, ರಾಯಬಾಗದ ಕಡೆ ಸಾವಿರಾರು ಕುಟುಂಬಗಳು ತೋಟದ ಮನೆಗಳಲ್ಲೇ ನೆಲೆಸಿವೆ. "ತೋಟದಾಗ ರೇಂಜ್ ಬರಂಗಿಲ್ಲ" ಎಂಬ ಮಾತು ಇಲ್ಲಿ ದಿನನಿತ್ಯದ್ದು. ಅದನ್ನು ಲೆಕ್ಕ ಹಾಕಿಯೇ ನೋಡಬಹುದು.

ಟವರಿನ ಆಂಟೆನಾ 40 ಮೀಟರ್ ಎತ್ತರದಲ್ಲಿದೆ, ತೋಟ 2 ಕಿಲೋಮೀಟರ್ ದೂರದಲ್ಲಿದೆ, ಫೋನು ಕಿವಿಯ ಮಟ್ಟದಲ್ಲಿ ಅಂದರೆ ನೆಲದಿಂದ ಒಂದೂವರೆ ಮೀಟರ್ ಮೇಲಿದೆ ಎಂದುಕೊಳ್ಳಿ. ತರಂಗ ಇಳಿದು ಬರುವ ಕೋನ ಕೇವಲ 1 ಡಿಗ್ರಿಯಷ್ಟು. ಸುತ್ತ ಕಬ್ಬು 3 ಮೀಟರ್ ಬೆಳೆದಿದ್ದರೆ ಕೊನೆಯ ಸುಮಾರು 80 ಮೀಟರ್ ಅದು ಕಬ್ಬಿನೊಳಗಿಂದಲೇ ಹಾಯಬೇಕು. ತೋಟ ಅರ್ಧ ಕಿಲೋಮೀಟರಿನಲ್ಲಿದ್ದರೆ ಆ ದಾರಿ 20 ಮೀಟರಿಗೆ ಇಳಿಯುತ್ತದೆ. ನೀರು ತುಂಬಿದ ಹಸಿ ಎಲೆ ತರಂಗವನ್ನು ಹೀರುತ್ತದೆ, ಚದುರಿಸುತ್ತದೆ. ಆವರ್ತನ ಏರಿ ತರಂಗ ಗಿಡ್ಡವಾದಂತೆ ನಷ್ಟವೂ ಏರುತ್ತದೆ. ಸುಮಾರು 43 ಸೆಂಟಿಮೀಟರ್ ಉದ್ದದ 700 ಮೆಗಾಹರ್ಟ್ಸ್ ತರಂಗ ತಕ್ಕಮಟ್ಟಿಗೆ ನುಸುಳುತ್ತದೆ. 9 ಸೆಂಟಿಮೀಟರಿನ 3.3 ಗಿಗಾಹರ್ಟ್ಸ್ ತರಂಗ ಹೆಚ್ಚು ಸೋಲುತ್ತದೆ.

ಕಾರ್ಖಾನೆಗಳ ಹಂಗಾಮು ಶುರುವಾಗಿ ಕಟಾವು ಮುಗಿದ ಮೇಲೆ ಅದೇ ಹೊಲ ಬಯಲು. ಆಗ ಅಳತೆ ಮಾಡಿದವರಿಗೆ ಸಿಗ್ನಲ್ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದ ಕೊನೆಗೆ, ಬೆಳೆ ತಲೆಯೆತ್ತರ ಮೀರಿದಾಗ ಅಳೆದರೆ ಉತ್ತರವೇ ಬೇರೆ. ನಿಪ್ಪಾಣಿಯ ಪಕ್ಕದ ತವಂದಿ ಘಾಟಿನಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಗುಡ್ಡವೇ ಅಡ್ಡ ನಿಲ್ಲುತ್ತದೆ, ಬೀಮ್ ಮೇಲಕ್ಕೂ ನೋಡಬೇಕು. ಇರುವ ಎಂಟನ್ನು ಬಯಲಿನಲ್ಲಿ ಅಡ್ಡಕ್ಕೆ ಹರಡಿ ದೂರದ ತೋಟಗಳತ್ತ ತಿರುಗಿಸುವುದೋ, ಘಾಟಿನಲ್ಲಿ ಎರಡು ಅಂತಸ್ತಾಗಿ ಜೋಡಿಸುವುದೋ ಎಂಬುದು ಟವರ್ ಟವರಿಗೂ ಬೇರೆಯಾಗಬೇಕಾದ ತೀರ್ಮಾನ.

ಮಾಯಕ್ಕನ ಜಾತ್ರೆಯ ದಟ್ಟಣೆ

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನಸಾಗರ ಬರುತ್ತದೆ. ಅಲ್ಲಿ ಸಿಗ್ನಲ್ ಕಡ್ಡಿ ತುಂಬಿದ್ದರೂ ಕರೆ ಹೋಗದಿರಲು ಒಂದು ಕಾರಣ ಈ ಮೊದಲ ಪ್ರವೇಶದಲ್ಲೇ ಇದೆ. ಉತ್ತರಿಸುವ ಪ್ರತಿ ಅವಕಾಶದಲ್ಲಿ ಫೋನುಗಳ ಪಾಲಿಗಿರುವುದು ಹೆಚ್ಚೆಂದರೆ 64 ಸಂಕೇತ. ಎರಡು ಫೋನು ಒಂದೇ ಸಂಕೇತ ಆರಿಸಿದರೆ ಡಿಕ್ಕಿ. ಸೋತದ್ದು ಕಾದು ಮತ್ತೆ ಕೂಗಬೇಕು. ಗುಡಿಯ ಸುತ್ತ ನಿಂತವರೆಲ್ಲ ಒಂದೆರಡು ಬೀಮ್‌ಗಳಲ್ಲೇ ಮುಗಿಬೀಳುತ್ತಾರೆ, ಖಾಲಿ ಹೊಲದತ್ತ ನೋಡುವ ಬೀಮ್‌ಗಳಿಗೆ ಮೀಸಲಾದ ಅವಕಾಶಗಳು ಹಾಗೇ ವ್ಯರ್ಥವಾಗುತ್ತವೆ. ತಾತ್ಕಾಲಿಕ ಟವರ್ ತಂದು ನಿಲ್ಲಿಸುವುದರ ಜೊತೆಗೆ ಜಾತ್ರೆಯ ದಿನಗಳಿಗೆಂದೇ ಬೀಮ್ ಹಂಚಿಕೆ ಬದಲಿಸಿದರೆ ಈ ಇಕ್ಕಟ್ಟು ಸಡಿಲವಾಗುತ್ತದೆ.

2019ರ ಆಗಸ್ಟಿನಂಥ ಮಹಾಪೂರ ಬಂದಾಗಲೂ ಇದೇ ಪಾಠ. ಕರೆಂಟ್ ಬಂದು ಟವರ್ ಎದ್ದ ಕೂಡಲೇ ನೂರಾರು ಫೋನು ಒಟ್ಟಿಗೆ ಬಾಗಿಲು ತಟ್ಟುತ್ತವೆ. ಆಗ ಪರಿಹಾರ ಕೇಂದ್ರದಲ್ಲಿರುವವರ ಕರೆ ಡಿಕ್ಕಿಯಲ್ಲಿ ಕಳೆದುಹೋಗಬಾರದು.

ಮುಂದಿನ ಹೆಜ್ಜೆ: 64 ಬೀಮ್

2022ರ ಹರಾಜಿನಲ್ಲಿ ಮಾರಾಟವಾದ 26 ಗಿಗಾಹರ್ಟ್ಸ್ ಪಟ್ಟಿಯ ತರಂಗದ ಉದ್ದ ಸುಮಾರು 12 ಮಿಲಿಮೀಟರ್. ಇಂಥ ಮಿಲಿಮೀಟರ್ ತರಂಗಗಳನ್ನು ಜಗದೀಶಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಪಳಗಿಸಿದ್ದರು. ಈ 26 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಟವರಿನ ಬೀಮ್‌ಗಳು 64ರವರೆಗೆ ಏರುತ್ತವೆ, ಫೋನೂ ತನ್ನದೇ ಬೀಮ್ ತಿರುಗಿಸಬೇಕಾಗುತ್ತದೆ. ಫೋನಿನ ಕಡೆ 8 ದಿಕ್ಕಿದ್ದರೆ ಒಟ್ಟು 512 ಜೋಡಿ. ಫೋನಿನ ಒಂದೊಂದು ದಿಕ್ಕಿಗೆ 20 ಮಿಲಿಸೆಕೆಂಡಿನಂತೆ 160 ಮಿಲಿಸೆಕೆಂಡು. ಎಲ್ಲವನ್ನೂ ಅಳೆಯುವ ಬದಲು ಕೆಲವನ್ನು ಅಳೆದು ಉಳಿದದ್ದನ್ನು ಊಹಿಸುವ ಯಂತ್ರಕಲಿಕೆಯನ್ನು ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆ ಆ ಮಾನದಂಡದ 18ನೇ ಆವೃತ್ತಿಯಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿತು.

ಊಹೆ ಗಟ್ಟಿಯಾಗಲು ಆಯಾ ನೆಲದ ಅಳತೆ ಬೇಕು. 2022ರ ಮೇ 17ರಂದು ಉದ್ಘಾಟನೆಯಾದ ದೇಶೀ 5ಜಿ ಟೆಸ್ಟ್‌ಬೆಡ್ ಕಟ್ಟಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಚಿಕ್ಕೋಡಿ, ನಿಪ್ಪಾಣಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಸೆಪ್ಟೆಂಬರಿನಲ್ಲಿ ಒಮ್ಮೆ, ಕಟಾವಾದ ಮೇಲೆ ಏಪ್ರಿಲಿನಲ್ಲಿ ಇನ್ನೊಮ್ಮೆ ತೋಟಪಟ್ಟಿಗಳಲ್ಲಿ ಬೀಮ್ ಬೀಮಿನ ಬಲ ಅಳೆದು ನಕ್ಷೆ ಮಾಡಲಿ. ಕಂಪನಿಗಳು ಆ ನಕ್ಷೆ ನೋಡಿ ಬೀಮ್ ತಿರುಗಿಸಲಿ. ಕಬ್ಬಿನ ಬಿಲ್ಲಿನಿಂದ ಮಕ್ಕಳ ಪಾಠದವರೆಗೆ ಎಲ್ಲವೂ ಫೋನಿಗೆ ಬಂದಿರುವಾಗ, ತೋಟದ ಮನೆಗೂ ಪೇಟೆಯ ಮನೆಯಷ್ಟೇ ಸಲೀಸಾಗಿ ಜಾಲದ ಪ್ರವೇಶ ಸಿಗಬೇಕು. ಅದಕ್ಕೆ ಬೇಕಾದ ತಂತ್ರ ಈಗಾಗಲೇ ಟವರಿನ ಮೇಲಿದೆ. ಅದನ್ನು ಈ ನೆಲಕ್ಕೆ ಹೊಂದಿಸುವ ಕೆಲಸ ಬಾಕಿಯಿದೆ.